ತಳವಾರ ಬೊಪ್ಪಯ್ಯನ ಎಡಗೈ

ಮನೆಯಲ್ಲಿ ಹಳೆಯ ಪೇಪರಿನ ರಾಶಿ ಕಿಟಕಿಯ ಎತ್ತರ ಮುಟ್ಟಿದಾಗ ನಾನು ಅದನ್ನು ಅರಸೀಕೆರೆ ಬಸ್ ನಿಲ್ದಾಣದ ಹಿಂದಿನ ರದ್ದಿ ಅಂಗಡಿಗೆ ಒಯ್ಯುತ್ತೇನೆ. ಕೆಲಸದಲ್ಲಿದ್ದಷ್ಟು ಕಾಲ ಪತ್ರಿಕೆಗೆ ಸುದ್ದಿ ಬರೆದವನಿಗೆ ಇದು ಒಳ್ಳೆಯ ಪಾಠ. ನಾನು ಬರೆದದ್ದು, ಬೇರೆಯವರು ಬರೆದದ್ದು, ಎಣ್ಣೆಯ ಜಾಹೀರಾತು ಎಲ್ಲವೂ ಅಲ್ಲಿ ಒಂದೇ ತಕ್ಕಡಿ ಹತ್ತುತ್ತವೆ. ಕಳೆದ ತಿಂಗಳು ಹೋದಾಗ ತಕ್ಕಡಿಯ ಪಕ್ಕ ಶಾಲೆಯ ಪುಸ್ತಕಗಳ ಕಂತೆಯೊಂದಿತ್ತು. ಅದರ ನಡುವೆ ಒಂದು ಹಳದಿ ಬೆನ್ನು ಕಂಡಿತು. ಎಳೆದು ನೋಡಿದೆ. ಗೆದ್ದಲು ಒಂದು ಮೂಲೆಯ ರುಚಿ ನೋಡಿ, ಹಿಡಿಸದೆ ಬಿಟ್ಟುಹೋಗಿತ್ತು. ಹೊದಿಕೆಯ ಮೇಲೆ ಮೀಸೆಯ ಮನುಷ್ಯನೊಬ್ಬ ಪಂಜು ಹಿಡಿದು ನಿಂತಿದ್ದ. ತಳವಾರ ಬೊಪ್ಪಯ್ಯ, ಐದನೆಯ ಭಾಗ.

"ಅದೊಂದನ್ನ ಸುಮ್ನೆ ತಗೊಂಡೋಗಿ ಸಾರ್, ಅದೇನು ತೂಕಕ್ಕೆ ಬರಲ್ಲ" ಎಂದ ಅಂಗಡಿಯವನು. ನಾನೂ ಅತ್ತಿಗೆಯೂ ಅದನ್ನು ಎಷ್ಟು ವರ್ಷ ಹುಡುಕಿದ್ದೆವೆಂದು ಅವನಿಗೇನು ಗೊತ್ತು.

ನೀವು ಈ ಬೊಪ್ಪಯ್ಯನ ಹೆಸರು ಕೇಳಿರಲಾರಿರಿ. ಹಳೇಬೀಡು ದೋರಸಮುದ್ರವೆಂಬ ರಾಜಧಾನಿಯಾಗಿದ್ದ ಕಾಲದಲ್ಲಿ ಊರ ಕಾವಲಿಗಿದ್ದ ತಳವಾರ ಅವನು. ಭಾಗಕ್ಕೊಂದು ಕಳವು ಇಲ್ಲವೇ ಕೊಲೆ, ಕೊನೆಗೆ ಬೊಪ್ಪಯ್ಯನ ಮಾತು. ಪತ್ತೇದಾರಿಯೂ ಇತಿಹಾಸವೂ ಒಂದೇ ಹೊದಿಕೆಯೊಳಗೆ ಸಿಗುತ್ತಿದ್ದವು. ನಾನು ಹೈಸ್ಕೂಲಿನಲ್ಲಿದ್ದಾಗ ಅತ್ತಿಗೆ ಮದುವೆಯಾಗಿ ಗಂಡಸಿ ಎಂಬ ಊರಿನ ನಮ್ಮ ಮನೆಗೆ ಬಂದರು. ಅವರ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮೊದಲ ನಾಲ್ಕು ಭಾಗಗಳಿದ್ದವು. ಆರರಿಂದ ಮುಂದಿನವನ್ನು ಅರಸೀಕೆರೆಯ ಬಾಡಿಗೆ ಪುಸ್ತಕದ ಅಂಗಡಿಯಿಂದ ತರುತ್ತಿದ್ದೆ. ಆ ಅಂಗಡಿ ಮುಚ್ಚಿದಾಗ ಅವನ್ನೆಲ್ಲ ಅತ್ತಿಗೆ ಕೊಂಡುಕೊಂಡರು. ಐದನೆಯದು ಮಾತ್ರ ಅಲ್ಲೂ ಇರಲಿಲ್ಲ. ಓದಲು ಒಯ್ದವರಾರೋ ಮರಳಿಸಿರಲಿಲ್ಲ.

ಕೊಬ್ಬರಿಯಾಗಲೆಂದು ಕಾಯಿ ತುಂಬಿಡುವ ಅಟ್ಟದಲ್ಲೇ ಒಂದು ಮೂಲೆ ಈ ಪುಸ್ತಕಗಳಿಗೆ ಸಿಕ್ಕಿತು. ಈಗಲೂ ಅವುಗಳ ಹಾಳೆ ತಿರುವಿದರೆ ಒಣಕೊಬ್ಬರಿಯ ವಾಸನೆ ಬರುತ್ತದೆ. ಅಣ್ಣ ತೋಟ ನೋಡಿಕೊಳ್ಳುತ್ತಿದ್ದವನು, ಪುಸ್ತಕ ಮುಟ್ಟಿದವನಲ್ಲ. "ಮನೆ ತುಂಬ ಪತ್ತೇದಾರರೇ ಅವ್ರೆ, ನನ್ನ ಎಕ್ಕಡ ಎಲ್ಲೈತೆ ಅಂತ ಒಬ್ರಿಗೂ ಗೊತ್ತಿಲ್ಲ" ಎನ್ನುತ್ತಿದ್ದ.

ತೊಂದರೆ ಇದ್ದದ್ದು ಬೊಪ್ಪಯ್ಯನ ಕೈಯಲ್ಲಿ. ನಾಲ್ಕನೆಯ ಭಾಗದ ಕೊನೆಯಲ್ಲಿ ಅವನಿಗೆ ಎರಡೂ ಕೈಗಳಿವೆ. ಆರನೆಯದರ ಮೊದಲ ಪುಟದಲ್ಲಿ ಅವನು ಪೇಟದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಲಗೈಯೊಂದರಿಂದಲೇ ಸುತ್ತಿಕೊಳ್ಳುತ್ತಾನೆ. ಎಡಗೈ ಎಲ್ಲಿ ಹೋಯಿತೆಂದು ಮುಂದೆ ಯಾರೂ ಹೇಳುವುದಿಲ್ಲ. ಕೆಲವು ವರ್ಷ ಕಾದು ನೋಡಿ, ಆ ಭಾಗದ ಕತೆಯನ್ನು ಅತ್ತಿಗೆಯೇ ಕಟ್ಟಿದರು. ಹಳೇಬೀಡಿನ ಹತ್ತಿರದ ಹುಲಿಕೆರೆಯ ಕೊಳದ ಗೋಡೆಯ ಗೂಡೊಂದರಲ್ಲಿ ಕಳ್ಳರು ದೇವರ ಒಡವೆ ಬಚ್ಚಿಟ್ಟಿದ್ದಾರೆ. ಹುಡುಕುವಾಗ ಗೂಡಿನ ಕಲ್ಲು ಸಡಿಲುತ್ತದೆ. ಕೆಳಗೆ ನೀರಿಗೆ ಬಂದ ಕಲ್ಲುಕುಟಿಗನ ಮಗಳು. ಬೊಪ್ಪಯ್ಯ ಬೀಳುವ ಕಲ್ಲಿಗೆ ತನ್ನ ಎಡಗೈ ಕೊಡುತ್ತಾನೆ. ಮನೆಯ ಮಕ್ಕಳು, ಕೊಬ್ಬರಿ ಬಿಡಿಸಲು ಬರುವ ಹೆಂಗಸರು ಎಲ್ಲರೂ ಇದನ್ನು ಕೇಳಿ ಬಲ್ಲರು. ಒಮ್ಮೆ ನಮ್ಮನ್ನೆಲ್ಲ ಹಳೇಬೀಡಿಗೆ ಕರೆದೊಯ್ದಾಗ ಅತ್ತಿಗೆ ದೇವಸ್ಥಾನವನ್ನು ಬೇಗ ಮುಗಿಸಿ ಹುಲಿಕೆರೆಗೆ ಆಟೋ ಹಿಡಿಸಿದರು. ಕೊಳದ ಮೆಟ್ಟಿಲಿಳಿದು, ಒಂದು ಗೂಡು ತೋರಿಸಿ, "ಇಲ್ಲೇ ಕಣೋ" ಎಂದರು. ಸತ್ಯವಲ್ಲದ್ದನ್ನು ಬರೆಯಬಾರದೆಂಬ ಕಸುಬಿನ ನಾನೂ ಬಗ್ಗಿ ನೋಡಿದೆ.

ನನ್ನ ಕಸುಬಿನಲ್ಲಿ ಯಾರು ಸತ್ತರು, ಎಲ್ಲಿ, ಯಾರು ಸೆರೆಯಾದರು ಎಂಬುದೆಲ್ಲ ಮೊದಲ ವಾಕ್ಯದಲ್ಲೇ ಬರಬೇಕು. ಪತ್ತೇದಾರಿಯವನು ಅದನ್ನೇ ಕೊನೆಯವರೆಗೆ ಮುಚ್ಚಿಡುತ್ತಾನೆ. ಹಗಲೆಲ್ಲ ಒಂದು, ಸಂಜೆ ಇನ್ನೊಂದು. ಹೀಗಾಗಿ ನನಗೆ ಎರಡೂ ಬೇಸರವಾಗಲಿಲ್ಲ. ಕಳ್ಳ ಯಾರೆಂದು ಗೊತ್ತಿದ್ದೂ ಮತ್ತೆ ಯಾಕೆ ಓದುತ್ತೀರಿ ಎಂದು ಕೇಳುವವರಿದ್ದಾರೆ. ಎರಡನೆಯ ಓದಿನಲ್ಲಿ ಆ ಕಳ್ಳ ಮೊದಲ ಅಧ್ಯಾಯದಲ್ಲೇ ನಮಗೆ ಎಲೆ ಅಡಿಕೆ ಕೊಟ್ಟು ಕೂರಿಸಿರುತ್ತಾನೆ. ಮೊದಲ ಸಲ ನಾವು ಅವನ ಗುರುತು ಹತ್ತದೆ ಅಡಿಕೆ ಜಗಿದು ಎದ್ದು ಬಂದಿರುತ್ತೇವೆ. ಆ ಸುಖಕ್ಕಾಗಿ ಓದುತ್ತೇನೆ.

ನಾಲ್ಕು ವರ್ಷದ ಹಿಂದೆ ಅಣ್ಣನಿಗೆ ಲಕ್ವ ಹೊಡೆಯಿತು. ಬೆಳಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಎಡಗೈಯಿಂದ ಲೋಟ ಜಾರಿತು. ಕಾಲು ಆಮೇಲೆ ಸುಧಾರಿಸಿತು, ಕೈ ಬರಲಿಲ್ಲ. ಕೈ ಹೋದದ್ದಕ್ಕಿಂತ ಅದು ಹೋದ ರೀತಿಗೆ ಅವನಿಗೆ ನಾಚಿಕೆಯಾಗಿತ್ತೆಂದು ಕಾಣುತ್ತದೆ. ಗುರುತಿಲ್ಲದವರು ಕೇಳಿದರೆ ಮರದಿಂದ ಬಿದ್ದೆ ಎನ್ನುತ್ತಿದ್ದ. ಅವನು ಜೀವಮಾನದಲ್ಲಿ ಮರ ಹತ್ತಿದವನಲ್ಲ. ಅತ್ತಿಗೆ ಸಂಜೆ ಎಣ್ಣೆ ತಿಕ್ಕುತ್ತ ಬೊಪ್ಪಯ್ಯನ ಕತೆ ಹೇಳತೊಡಗಿದರು. ಅಣ್ಣ ಮೊದಲು ಗೊಣಗಿದ, ಆಮೇಲೆ ಕೇಳಿದ, ಆಮೇಲೆ ಹುಲಿಕೆರೆಯ ಭಾಗವನ್ನೇ ಮತ್ತೆ ಮತ್ತೆ ಹೇಳಿಸಿದ. "ನನ್ ಕೈನೂ ಅಲ್ಲೇ ಹೋಯ್ತು ಅಂತ ಬರ್ಕಳ್ಲಾ ನಿನ್ನ ಪೇಪರ್ನಾಗೆ" ಎಂದ ಒಮ್ಮೆ. ಅರ್ಧ ತಮಾಷೆ.

ಐದನೆಯ ಭಾಗವನ್ನು ನಾನು ಅತ್ತಿಗೆಗೆ ಕೊಡಲು ಹೊರಟು, ಗಂಡಸಿಯ ಬಸ್ಸಿನಲ್ಲಿ ತೆರೆದೆ. ಬೇಕಾದ ಪುಟ ನಡುವಿನಲ್ಲೇ ಸಿಕ್ಕಿತು. ಕೊಳವಿಲ್ಲ, ಕಲ್ಲಿಲ್ಲ, ಕಲ್ಲುಕುಟಿಗನ ಮಗಳಿಲ್ಲ. ಬೊಪ್ಪಯ್ಯ ಹಿತ್ತಲಲ್ಲಿ ಸೌದೆ ಎತ್ತುವಾಗ ಹಾವು ಕಚ್ಚಿತು, ವೈದ್ಯರು ಕೈ ತೆಗೆದರು. ನಾಲ್ಕು ಸಾಲು. ನಾನೇ ಬರೆದಿದ್ದರೂ ಅಷ್ಟೇ ಬರೆಯುತ್ತಿದ್ದೆ. ಪುಸ್ತಕವನ್ನು ಚೀಲದ ತಳಕ್ಕೆ ತಳ್ಳಿದೆ. ಕೊಡದೆ ವಾಪಸ್ ಒಯ್ಯಬಹುದಿತ್ತು. ಅಣ್ಣ ಒರಗಿಕೊಂಡಿದ್ದ ಒಂದೇ ಕಂಬವನ್ನು ನಾನು ಕೈಯಾರೆ ಕೀಳಬೇಕೇ ಎನ್ನಿಸಿತು. ಆದರೆ ಮನೆ ಮುಟ್ಟಿದೊಡನೆ ಅತ್ತಿಗೆ ಚೀಲವನ್ನು ನನ್ನ ಕೈಯಿಂದ ಇಸಿದುಕೊಂಡು, ತಂದ ಹಣ್ಣು ತೆಗೆಯುವಾಗ ಅದನ್ನೂ ತೆಗೆದರು. ಆ ಮಧ್ಯಾಹ್ನ ನನಗೆ ಊಟ ಬಡಿಸಿದ್ದು ಅವರ ಸೊಸೆ.

ಕಾಫಿಯ ಹೊತ್ತಿಗೆ ಅತ್ತಿಗೆ ಪುಸ್ತಕ ಮುಚ್ಚಿ ಜಗಲಿಗೆ ಬಂದರು. "ಹಾವಂತೆ ಕಣೋ. ಬರೆದೋನಿಗೆ ಯಾರೋ ತಪ್ಪು ಸುದ್ದಿ ಕೊಟ್ಟವ್ರೆ."

ಮಂಚದ ಮೇಲಿದ್ದ ಅಣ್ಣ ತಿರುಗಿದ. "ಯಾರಿಗೆ ಹಾವು?"

"ಬೊಪ್ಪಯ್ಯಂಗೆ ಕಣ್ರೀ. ಹುಲಿಕೆರೇಲೂ ಇಲ್ಲ, ಎಲ್ಲೂ ಇಲ್ಲ. ಅವನ ಮನೆ ಹಿತ್ತಲಲ್ಲಿ."

"ಆ ಹುಡುಗೀನ ಉಳಿಸೋಕೆ ಹೋಗ್ಲಿಲ್ವಾ?"

"ಸ್ನಾನಕ್ಕೆ ನೀರು ಕಾಯಿಸೋಕೆ ಹೋಗಿದ್ದನಂತೆ."

ನಾನು ಕಾಫಿಯ ಲೋಟದೊಳಗೆ ನೋಡುತ್ತ ಕೂತೆ.

"ಹಂಗಾರೆ ಸುಮ್‌ಸುಮ್ನೆ ಹೋಯ್ತು ಅನ್ನು" ಎಂದ ಅಣ್ಣ. "ನಂದು ಹೋದಂಗೆ."

ಅತ್ತಿಗೆ ಪುಸ್ತಕದ ಹೊದಿಕೆಯನ್ನು ಸೆರಗಿನಿಂದ ಒರೆಸಿದರು.

"ಆಮೇಲೇನ್ ಮಾಡ್ದ?"

"ಇನ್ನೇನ್ ಮಾಡ್ತಾನೆ, ಮುಂದಿನ ಅಧ್ಯಾಯದಲ್ಲಿ ಕೆಲಸಕ್ಕೆ ಹೋಗ್ತಾನೆ."

"ಕೊಡಿಲ್ಲಿ" ಎಂದು ಅಣ್ಣ ಬಲಗೈ ಚಾಚಿದ.

ಅವನಿಗೆ ಪುಸ್ತಕ ಹಿಡಿಯುವ ರೂಢಿಯಿಲ್ಲ. ತೊಡೆಯ ಮೇಲಿಟ್ಟುಕೊಂಡ. ಫ್ಯಾನಿನ ಗಾಳಿಗೆ ಪುಟಗಳು ಮಗುಚತೊಡಗಿದವು. ಆಗ ಅವನು ಬಲಗೈಯಿಂದ ಎಡಗೈಯನ್ನು ಎತ್ತಿ, ಮಡಿಸಿದ ಟವೆಲನ್ನಿಡುವಂತೆ ಪುಟದ ಮೇಲಿಟ್ಟ. ಪುಟ ನಿಂತಿತು. ಬಾಯಲ್ಲಿ ಅಕ್ಷರ ಕೂಡಿಸುತ್ತ ಓದತೊಡಗಿದ. ಅತ್ತಿಗೆ ಎಣ್ಣೆಯ ಬಟ್ಟಲು ಹಿಡಿದು ಬಂದವರು ಅದನ್ನು ನೋಡಿ ಬಟ್ಟಲನ್ನು ಕಿಟಕಿಯ ಮೇಲಿಟ್ಟು ಹೋದರು.

ಕಾಯಿ ನೋಡಲೆಂದು ಹೊಸ ವ್ಯಾಪಾರಿಯೊಬ್ಬ ಆಗ ಬಂದ. ಮಾತಿಗೆ ಮಾತು ಬಂದು, "ಕೈಗೆ ಏನಾಯ್ತು ಯಜಮಾನ್ರೇ?" ಎಂದ.

"ಏನಿಲ್ಲ ಕಣಪ್ಪ. ಇಲ್ಲೇ ಕಾಫಿ ಕುಡೀತಾ ಕೂತಿದ್ದೆ, ಹೋಯ್ತು" ಎಂದ ಅಣ್ಣ. "ಕಾಯಿ ಅಟ್ಟದ ಮೇಲೈತೆ, ನೋಡ್ಕಂಡ್ ಬಾ. ನಾನು ಇದೊಂದ್ ಮುಗಿಸ್ತೀನಿ."

ಅರಸೀಕೆರೆಗೆ ಮರಳುವಾಗ ಬೊಪ್ಪಯ್ಯನನ್ನು ಮತ್ತೆ ಮೊದಲಿನಿಂದ ಓದಲೆಂದು ಉಳಿದ ಭಾಗಗಳನ್ನು ಅತ್ತಿಗೆಯಿಂದ ತಂದುಕೊಂಡಿದ್ದೇನೆ. ನಿನ್ನೆ ನಾಲ್ಕನೆಯದು ಮುಗಿಯಿತು. ಆರನೆಯದನ್ನು ಮುಟ್ಟಿಲ್ಲ. ಬೆಳಗ್ಗೆ ಅಣ್ಣನಿಗೆ ಫೋನ್ ಮಾಡಿ ಐದನೆಯದನ್ನು ಯಾವಾಗ ಕಳಿಸುತ್ತೀಯ ಎಂದು ಕೇಳಿದೆ.

"ತಡ್ಕಳ್ಲಾ" ಎಂದ. "ಎರಡನೇ ಸಲ ಓದ್ತಾ ಇದೀನಿ."