ಹೆಚ್ಚಿದ ಬಳೆ

ಬಳೆಯ ಪೆಟ್ಟಿಗೆ ಬಿಚ್ಚಿದಾಗ ಒಣ ಹುಲ್ಲಿನ ವಾಸನೆ ಬರುತ್ತದೆ. ಗಾಜಿಗೆ ಗಾಜು ತಾಗದಿರಲಿ ಎಂದು ನಡುವೆ ಹುಲ್ಲು ತುಂಬಿರುತ್ತಾರಲ್ಲ, ಆ ವಾಸನೆ. ಹೋದ ವಾರ ಮೊಮ್ಮಗಳಿಗೆ ಕರಿ ಬಳೆ ತರಲು ಮಸ್ಕಿ ಬಜಾರಿಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿದೆ. ಮಗನ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು. ಬಳೆ ಕೇಳುವುದು ಬಿಟ್ಟು ಅಂಗಡಿಯವನಿಗೆ ಅದರ ಮೂಗು ಯಾರ ಹಾಗಿದೆ, ಹೇಗೆ ಆಕಳಿಸುತ್ತದೆ, ನಿದ್ದೆಯಲ್ಲಿ ಯಾವ ಕಡೆ ತುಟಿ ಸೊಟ್ಟ ಮಾಡಿ ನಗುತ್ತದೆ, ಎಲ್ಲ ಹೇಳುತ್ತ ನಿಂತೆ. ಅವನೂ ಪಾಪ ಕೇಳಿಸಿಕೊಂಡ. ಆಮೇಲೆ ಹೊಸ ಪೆಟ್ಟಿಗೆಯೊಂದನ್ನು ಬಿಚ್ಚಿದ. ಆ ವಾಸನೆ ಬಂದದ್ದೇ ತಡ, ನನ್ನ ಮಾತು ನಿಂತುಹೋಯಿತು. ನಮ್ಮ ಓಣಿಯ ಬಳೆ ಅಕ್ಕ ಕಣ್ಣ ಮುಂದೆ ಬಂದು ಕೂತಳು...

ನಮ್ಮ ಮನೆಯಿಂದ ಎರಡು ಮನೆ ಆಚೆ ಅವಳದು. ಮುಂದಿನ ಕೋಣೆಯೇ ಅಂಗಡಿ. ಗಂಡ ಕಾಲುವೆ ಕಡೆ ಭತ್ತದ ಗದ್ದೆಗಳಿಗೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಅವಳು ನನಗೆ ಅಕ್ಕ, ನಾನು ಅವಳಿಗೆ ಅಕ್ಕ. ಇಬ್ಬರಲ್ಲಿ ಯಾರು ದೊಡ್ಡವರು ಎಂದು ನಾವು ಎಂದೂ ಕೇಳಿಕೊಳ್ಳಲಿಲ್ಲ. ಓಣಿಯ ಹೆಣ್ಣುಮಕ್ಕಳ ಮುಖ ನೋಡದೆ ಕೈ ಹಿಡಿದೇ ಗುರುತಿಸುತ್ತಿದ್ದಳು. ಅಂಗೈಯನ್ನು ಹಿಂಡಿ, ಹೆಬ್ಬೆರಳನ್ನು ಒಳಗೆ ಮಡಚಿ, ಮಾತಾಡಿಸುತ್ತ ಮಾತಾಡಿಸುತ್ತ ಬಳೆ ಏರಿಸಿಬಿಡುತ್ತಿದ್ದಳು. ನೋವು ಗೊತ್ತಾಗುತ್ತಿರಲಿಲ್ಲ.

ನಮ್ಮ ಕಡೆ ಮುತ್ತೈದೆಯ ಬಳೆ ಒಡೆಯಿತು ಎನ್ನಬಾರದು. ಅದು ಕೆಟ್ಟ ಮಾತು. “ಹೆಚ್ಚಿತು” ಎನ್ನಬೇಕು. ನಾನು ನಾಲ್ಕನೇ ಇಯತ್ತೆಯವರೆಗೆ ಸಾಲೆ ಕಲಿತವಳು, ಆದರೆ ಈ ಮಾತನ್ನು ಸಾಲೆಗೆ ಹೋಗುವ ಮೊದಲೇ ಕಲಿತಿದ್ದೆ. ಬಳೆ ಅಕ್ಕನಂತೂ ತನ್ನ ಅಂಗಡಿಯಲ್ಲಿ ಪೆಟ್ಟಿಗೆ ಬಿದ್ದು ಚೂರಾದರೂ “ಹೆಚ್ಚಿದುವು” ಎಂದೇ ಬಾಚಿ ತೆಗೆಯುತ್ತಿದ್ದಳು.

ಆಗ ನಮ್ಮ ಭಾಗದ ಒಬ್ಬ ಹುಡುಗ ಕಬಡ್ಡಿಯಲ್ಲಿ ದೊಡ್ಡ ಹೆಸರು ಮಾಡಿದ್ದ. ರಾಜ್ಯದ ತಂಡಕ್ಕೆ ಆಡಿದವ, ಟಿವಿಯಲ್ಲಿ ಬಂದವ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ ಮಾಳಿಗೆ ಮನೆ ಕಟ್ಟಿಸಿದ್ದ. ನನ್ನ ಮಗ ಅವನ ಜೊತೆ ನಿಂತು ತೆಗೆಸಿಕೊಂಡ ಫೋಟೋವನ್ನು ದೇವರ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದ. ಎದುರಾಳಿಯ ಕಾಲನ್ನೋ ಕೈಯನ್ನೋ ಆ ಹುಡುಗ ಹಿಡಿದರೆ ಬಿಡುವುದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು.

ಅವನ ಹೆಂಡತಿ ಸಿಂಧನೂರು ಕಡೆಯ ಹುಡುಗಿ. ತೆಳ್ಳಗೆ, ಬೆಳ್ಳಗೆ ಇದ್ದಳು. ನಾಗರಪಂಚಮಿಯ ಮುಂಚೆ ಒಂದು ಮಧ್ಯಾಹ್ನ ನಾನು ಬಳೆ ಇಡಿಸಿಕೊಳ್ಳುತ್ತ ಕೂತಿದ್ದಾಗ ಬಂದಳು. ಸೆರಗನ್ನು ಕೈ ಮುಚ್ಚುವಂತೆ ಹೊದ್ದಿದ್ದಳು. ಬಳೆ ಅಕ್ಕ ಕೈ ಎಳೆದುಕೊಂಡು ನೋಡಿದಳು. ಮಣಿಕಟ್ಟು ಊದಿ ನೀಲಿಯಾಗಿತ್ತು. ನಾಲ್ಕು ಬೆರಳಿನ ಗುರುತು ಒಂದು ಕಡೆ, ಹೆಬ್ಬೆರಳಿನದು ಇನ್ನೊಂದು ಕಡೆ.

“ಮನ್ನೆ ವಾರ ಡಜನ್ ಇಟ್ಟಿದ್ನೆಲ್ಲವಾ?”

“ಎಲ್ಲಾ ಹೆಚ್ಚಿದುವಕ್ಕ.”

“ಅದರ ಹಿಂದಿನ ವಾರದ್ವು?”

“ಅವೂ ಹೆಚ್ಚಿದುವು.” ಹುಡುಗಿ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. “ಅವ್ರು ಹಿಡದ್ರ ಬಿಡಂಗಿಲ್ಲ ಅಂತ ಊರಿಗೇ ಗೊತ್ತೈತೆಲ್ಲ.”

ನಾನೂ ನಕ್ಕೆ. ಹೊಸ ಮದುವೆಯ ಚೇಷ್ಟೆ ಎಂದುಕೊಂಡೆನೋ, ಹಾಗೆ ಅಂದುಕೊಂಡರೆ ಸುಲಭ ಎಂದು ನಕ್ಕೆನೋ... ಬಳೆ ಅಕ್ಕ ನಗಲಿಲ್ಲ. ಸೂಜಿ ತಂದು ಆ ಹುಡುಗಿಯ ಚರ್ಮದೊಳಗಿಂದ ಹಸಿರು ಗಾಜಿನ ಚೂರೊಂದನ್ನು ತೆಗೆದಳು. ನನ್ನ ಕಣ್ಣ ಮುಂದೆಯೇ ತೆಗೆದಳು.

ಅದಾಗಿ ಮೂರು ವಾರಕ್ಕೆ ಆ ಹುಡುಗಿ ಸತ್ತಳು. ಮಾಳಿಗೆಯ ಮೆಟ್ಟಿಲಿನಿಂದ ಜಾರಿ ಬಿದ್ದಳು ಎಂದು ಗಂಡ ಹೇಳಿದ. ತವರಿನವರು ಕೊಂದಿದ್ದಾನೆ ಎಂದರು. ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ಊರೆಲ್ಲ ಅದೇ ಮಾತು. ಹೋಟೆಲಿನಲ್ಲಿ, ಆಟೋದಲ್ಲಿ, ಸಂತೆಕಲ್ಲೂರಿನ ಬಸ್ಸಿನಲ್ಲಿ, ಟಿವಿಯಲ್ಲಿ. ನಾನು ಜೋಳ ಬೀಸಿಸಲು ಗಿರಣಿಗೆ ಹೋದರೆ ಅಲ್ಲಿಯೂ.

“ಕಪ್ ಗೆದ್ದ ಕೈ ಅದು,” ಎಂದ ಗಿರಣಿಯವ. “ಹೆಂಡ್ತೀನ ಕೊಲ್ಲಾಕ ಅವಂಗೇನು ಹುಚ್ಚು ಹಿಡದಿತ್ತೇನು?”

“ಕಪ್ ಗೆದ್ದವ್ರಿಗೆ ಸಿಟ್ಟು ಬರಂಗಿಲ್ಲೇನಪಾ?” ಎಂದರು ಸಾಲೆಯ ಮಾಸ್ತರರು.

“ನೀವು ಸುಮ್ಕಿರ್ರಿ ಮಾಸ್ತರ. ಸಾಲ್ಯಾಗ ಅವಂಗ ಹಾರ ಹಾಕಿ ಪಕ್ಕದಾಗ ಹಲ್ಲ ಕಿಸದು ನಿಂತವ್ರು ನೀವ.”

“ಹಾರ ಹಾಕಿದ್ದು ಆಟಕ್ಕಪಾ.”

ಹಿಟ್ಟು ತುಂಬಿಕೊಳ್ಳುತ್ತಿದ್ದ ಒಬ್ಬ ಹೆಂಗಸು, “ಆಕೀನೂ ಭಾಳ ಹಟದಾಕಿ ಇದ್ಲಂತ ತಗೋರಿ,” ಎಂದಳು.

“ನೀ ನೋಡೀಯೇನಬೇ?” ಎಂದರು ಮಾಸ್ತರರು.

“ನಾ ಎಲ್ಲಿ ನೋಡ್ಲಿ. ಎಲ್ಲಾರೂ ಅಂತಾರ.”

ನಾನು ನೋಡಿದ್ದೆ. ಹಿಟ್ಟಿನ ಡಬ್ಬಿ ಹೊತ್ತುಕೊಂಡು ಮನೆಗೆ ಬಂದೆ.

ಅವತ್ತು ಸಂಜೆ ಬಳೆ ಅಕ್ಕ ಹಿತ್ತಲ ಬಾಗಿಲಿಗೆ ಬಂದಳು. ಪಡಸಾಲೆಯಲ್ಲಿ ನನ್ನ ಮಗ, ಅವನ ಗೆಳೆಯರು ಕೂತು ಮೆರವಣಿಗೆಗೆ ಬೋರ್ಡು ಬರೆಯುತ್ತಿದ್ದರು. ನಮ್ಮ ಆಟಗಾರನನ್ನು ಬಿಡುಗಡೆ ಮಾಡಿ ಎಂದು ಕೆಂಪು ಬಣ್ಣದಲ್ಲಿ.

“ನಾಳಿ ಸ್ಟೇಷನ್ನಿಗೆ ಹೋಗ್ತೀನಕ್ಕ. ಅವತ್ತು ನೀನೂ ಇದ್ದಿ. ಒಂದ ಮಾತು ಹೇಳು ಬಾ, ಸಾಕು.”

ನಾನು ಪಡಸಾಲೆಯ ಕಡೆ ನೋಡಿದೆ. ಮಗ ನಗುತ್ತಿದ್ದ. “ನಂಗ ಸರಿಯಾಗಿ ನೆಪ್ಪಿಲ್ಲಕ್ಕ,” ಎಂದೆ.

“ನೆಪ್ಪಿಲ್ಲಂದ್ರ ಬಿಡು,” ಎಂದು ಹೋದಳು. ಒಬ್ಬಳೇ ಸ್ಟೇಷನ್ನಿಗೆ ಹೋಗಿ ಹೇಳಿ ಬಂದಳು. ಅವಳು ಅಂದ ಹಾಗೆಯೇ ಅವರು ಬರೆದುಕೊಂಡರು.

ಕೇಸು ಕೋರ್ಟಿಗೆ ಬರಲು ಒಂದೂವರೆ ವರ್ಷವಾಯಿತು. “ಜೋಡೀಲೆ ಆದ್ರೂ ಬಾರಕ್ಕ, ಲಿಂಗಸುಗೂರು ಕೋರ್ಟು ನಾ ಒಮ್ಮೀನೂ ನೋಡಿಲ್ಲ,” ಎಂದಳು ಬಳೆ ಅಕ್ಕ. ಹೋದೆ. ಮಗನಿಗೆ ಆಸ್ಪತ್ರೆಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಹೋದೆ. ಹಿಂದಿನ ಬೆಂಚಿನ ಮೂಲೆಯಲ್ಲಿ ಕೂತೆ.

ಆಟಗಾರನ ವಕೀಲರು ಬೆಂಗಳೂರಿನ ಕಡೆಯವರು. ಮಾತು ನಯವಾಗಿತ್ತು. “ಮೃತಳ ಬಳೆಗಳು ವಾರ ವಾರವೂ ಹೆಚ್ಚುತ್ತಿದ್ದವು ಎಂದು ನಿಮ್ಮ ಹೇಳಿಕೆಯಲ್ಲೇ ಇದೆಯಲ್ಲಮ್ಮ. ಅಂದರೆ ಗಂಡ ಪ್ರೀತಿಯಿಂದ ವಾರ ವಾರವೂ ಹೊಸ ಬಳೆ ಕೊಡಿಸುತ್ತಿದ್ದ, ಅಲ್ಲವಾ?”

ಹಿಂದೆ ಕೂತ ಹುಡುಗರು ಕಿಸಕ್ಕನೆ ನಕ್ಕರು. ಅವರೂ ನಮ್ಮ ಕಡೆಯವರೇ, ಆ ಮಾತಿನ ಅರ್ಥ ಗೊತ್ತಿದ್ದವರೇ.

“ಹಂಗಲ್ರಿ ಸಾಹೇಬ್ರ. ಹೆಚ್ಚಿದುವು ಅಂದ್ರ...” ಬಳೆ ಅಕ್ಕ ನಿಂತಳು. ಮುತ್ತೈದೆಯಾಗಿ ಸತ್ತ ಹುಡುಗಿಯ ಬಗ್ಗೆ ಆ ಇನ್ನೊಂದು ಮಾತು ಅವಳ ಬಾಯಿಗೆ ಬರಲೊಲ್ಲದು. ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಬಿಡಿಸಿ ಹೇಳಮ್ಮ,” ಎಂದರು ನ್ಯಾಯಾಧೀಶರು.

“ಒಡದಿದ್ದುವ್ರಿ,” ಎಂದಳು. ಆಮೇಲೆ ತಡೆಯಲಿಲ್ಲ. “ಕೊಡಿಸಿದ್ದಲ್ರಿ, ಒಡದಿದ್ದುವು. ಹಿಡದು ಹಿಚುಕಿದ್ದಕ್ಕ ಒಡದು ಆಕೀ ಕೈಯಾಗ ಹೊಕ್ಕಿದ್ದುವು. ನಾನ ಸೂಜೀಲೆ ತಗದೀನಿ.”

ನಗು ನಿಂತಿತು. ವಕೀಲರು ಕಾಗದ ನೋಡಿಕೊಂಡು ಕೇಳಿದರು, “ಇದನ್ನು ನೀವಲ್ಲದೆ ಇನ್ನು ಯಾರಾದರೂ ನೋಡಿದ್ದಾರಾ?”

ಅವಳು ಸ್ವಲ್ಪ ಕತ್ತು ತಿರುಗಿಸಿದ್ದರೆ ಸಾಕಿತ್ತು, ನಾನು ಅಲ್ಲೇ ಇದ್ದೆ. ಅವಳು ತಿರುಗಲಿಲ್ಲ. ನೇರ ಮುಂದೆ ನೋಡುತ್ತ, “ಇಲ್ರಿ. ನಾ ಒಬ್ಬಾಕೀನ,” ಎಂದಳು.

ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಬಂದೆವು. ಮುದಗಲ್ ಕ್ರಾಸ್ ದಾಟಿತು, ಹೊಲಗಳು ಹೋದವು. ಮಸ್ಕಿ ಬಂದಾಗ ಇಳಿಯುತ್ತ, “ಮಾರಿ ಸಣ್ಣದು ಮಾಡಬ್ಯಾಡಕ್ಕ, ನಿನ್ನ ಮಗ ನೋಡಿದ್ರ ಏನಾತು ಅಂತ ಕೇಳ್ತಾನ,” ಎಂದಳು. ಅಷ್ಟೇ.

ಸಾಕ್ಷಿ ಸಾಲದು ಎಂದು ಆಟಗಾರನನ್ನು ಬಿಟ್ಟರು. ಅವನು ಕೊಂದನೋ, ಅವಳೇ ಬಿದ್ದಳೋ, ನಾನು ಮೆಟ್ಟಿಲ ಹತ್ತಿರ ಇರಲಿಲ್ಲ. ಅದನ್ನು ಹೇಳಲಾರೆ. ಆದರೆ ಆ ಮಣಿಕಟ್ಟು ನೋಡಿದ್ದು ಸುಳ್ಳಲ್ಲ. ಅವನು ಬಂದ ದಿನ ಪಟಾಕಿ ಹಾರಿಸಿದರು. ಬಳೆ ಅಕ್ಕನ ಅಂಗಡಿಗೆ ಹೆಂಗಸರು ಬರುವುದು ನಿಂತಿತು. ಕೋರ್ಟಿನಲ್ಲಿ ನಿಂತು ಒಡೆಯಿತು ಒಡೆಯಿತು ಎಂದವಳು, ಅವಳ ಬಾಯಲ್ಲಿ ಆ ಮಾತು ಹೊಕ್ಕಿದೆ, ಅವಳ ಕೈಯಿಂದ ಬಳೆ ಇಡಿಸಿಕೊಳ್ಳಬಾರದು ಎಂದರು. ಯಾರೋ ಅಂದರು, ಎಲ್ಲರೂ ನಡೆಸಿದರು.

ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಅದೇ ವರ್ಷ ನನ್ನ ಮಗನ ಮದುವೆಯಾಯಿತು. ಮದುವೆಯ ಬಳೆಯನ್ನು ನಾನು ಸಿಂಧನೂರಿನಿಂದ ತರಿಸಿದೆ. ಎರಡು ಮನೆ ಆಚೆ ಅವಳಿದ್ದಾಗ. ಅವಳು ಮದುವೆಗೆ ಬಂದಳು, ಸೊಸೆಯ ಕೈಯ ಬಳೆ ನೋಡಿದಳು, “ಅಳತಿ ಸರಿ ಕುಂತಾವ,” ಎಂದಳು, ಉಂಡು ಹೋದಳು. ಮುಂದಿನ ತಿಂಗಳು ಅಂಗಡಿ ಎತ್ತಿ ಗಂಡನಿದ್ದ ವಳಕಮದಿನ್ನಿಗೆ ಹೋದಳು. ಅಲ್ಲಿ ಭತ್ತದ ಸಸಿ ನಾಟಿಗೆ ಹೋಗುತ್ತಾಳೆಂದು ಯಾರೋ ಹೇಳಿದರು. ಅಷ್ಟು ಮೆತ್ತಗೆ ಕೈ ಹಿಡಿಯುತ್ತಿದ್ದ ಆ ಬೆರಳುಗಳು...

ಬಳೆ ತಂದ ದಿನ ಸಂಜೆ ಮನೆಯಲ್ಲಿ ಟಿವಿ ಹಚ್ಚಿದ್ದರು. ಈಗ ಇನ್ನೊಬ್ಬ ದೊಡ್ಡ ಆಟಗಾರ, ಎಲ್ಲಿಯೋ ದೂರದವನು. ಜೊತೆಗಿದ್ದ ಹುಡುಗಿಯನ್ನು ಕೊಂದ ಎಂದು ಅವನ ಮೇಲೆ ಕೇಸು. ನಾಲ್ಕು ಜನ ಒಟ್ಟಿಗೇ ಕೂಗುತ್ತಿದ್ದರು. ನನ್ನ ಮಗ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, “ಸುಮ್ಮ ಒದರ್ತಾರ. ಕಣ್ಣಾರೆ ಕಂಡವ್ರು ಯಾರದಾರ? ನಮ್ಮ ಕಬಡ್ಡಿಯವಂಗೂ ಹಿಂಗ ಮಾಡಿದ್ರು,” ಎಂದ.

“ನಾ ಕಂಡೀನಿ,” ಎಂದೆ.

ಎಲ್ಲ ಹೇಳಿದೆ. ನೀಲಿ ಬೆರಳಿನ ಗುರುತು, ಸೂಜಿ, ಹಿತ್ತಲ ಬಾಗಿಲು, ಕೋರ್ಟು. ಮಗ ಟಿವಿ ಬಂದ್ ಮಾಡಿದ. ಸೊಸೆ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

“ಅವತ್ಯಾಕ ಹೇಳಲಿಲ್ಲಬೇ?”

“ನಿನ್ನ ಮಾರಿ ನೋಡಿ.”

ಅವನು ಕೂಸಿನ ಮುಷ್ಟಿಯನ್ನು ನೋಡಿದ. ಆಮೇಲೆ ಕೂಸನ್ನು ಸೊಸೆಯ ಕೈಗೆ ಕೊಟ್ಟು ಎದ್ದು ಬೈಕಿನ ಕೀಲಿ ತೆಗೆದುಕೊಂಡ. “ನಡಿ. ವಳಕಮದಿನ್ನಿ ಏನು ದೂರಿಲ್ಲ. ಆಕೀ ಮುಂದ ನಾನೂ ಕುಂತು ಕೇಳ್ತೀನಿ, ನೀ ಹೇಳು.”

ಅವಳು ತೀರಿಕೊಂಡು ಎರಡು ವರ್ಷವಾಯಿತು ಎಂದು ಅವನಿಗೆ ಹೇಳಿದೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮೂರು ದಿನವಾಗಿತ್ತು, ಹೋಗಲಿಲ್ಲ ಎಂದೂ ಹೇಳಿದೆ. ಮಗ ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತ.