ಅತ್ತೆಯನ್ನು ದಾಟಬೇಕಾದ ಗ್ರಹ

ಹೋದ ವಾರ ನಾನು ನಕ್ಷತ್ರವಾಗಿದ್ದೆ. ನಿಜಕ್ಕೂ!

ಚನ್ನಗಿರಿಯಲ್ಲಿ ನಮ್ಮ ಮನೆ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಮೇಳ. ಬೇರೆ ನಕ್ಷತ್ರಗಳ ಸುತ್ತ ಗ್ರಹಗಳು ಹೇಗೆ ತಿರುಗುತ್ತವೆ ಅಂತ ನಮ್ಮ ಬೀದಿಯ ಹೆಂಗಸರು ಕೋಲಾಟ ಆಡಿ ತೋರಿಸಬೇಕು. ವಿಜ್ಞಾನದ ಟೀಚರ್ ಶೈಲಾ ಮೇಡಂ ಐಡಿಯಾ. ನನ್ನನ್ನು ನಡುವೆ ನಿಲ್ಲಿಸಿದರು. (ನಕ್ಷತ್ರ ಎಲ್ಲರಿಗಿಂತ ಭಾರ ಇರಬೇಕಂತೆ. ಯಾರೂ ಚರ್ಚೆಯನ್ನೇ ಮಾಡಲಿಲ್ಲ.) ಒಳಸುತ್ತಿಗೆ ಲಕ್ಷ್ಮಿ, ಹೊರಸುತ್ತಿಗೆ ಅವಳ ಅತ್ತೆ ಗಿರಿಜಕ್ಕ.

ಲೆಕ್ಕ ಸುಲಭ. ಗಿರಿಜಕ್ಕ ಎರಡು ಸುತ್ತು ಬರುವಷ್ಟರಲ್ಲಿ ಲಕ್ಷ್ಮಿ ಮೂರು ಸುತ್ತು ಮುಗಿಸಬೇಕು. ಆಗ ಇಬ್ಬರೂ ಪ್ರತಿ ಸಲ ಅದೇ ಜಾಗದಲ್ಲಿ ಅಕ್ಕಪಕ್ಕ ಬರುತ್ತಾರೆ. ಕೋಲಿಗೆ ಕೋಲು ತಾಗಿಸಿ ಮುಂದೆ ಸಾಗುತ್ತಾರೆ. ಕೆಲವು ಗ್ರಹಗಳು ಹೀಗೇ ತಾಳ ಹಿಡಿದು ತಿರುಗುತ್ತವಂತೆ. ಹತ್ತಿರ ಬಂದಾಗ ಒಂದನ್ನೊಂದು ಎಳೆಯುತ್ತವೆ. ತಾಳ ಸರಿಯಿದ್ದರೆ ಆ ಎಳೆತವೇ ಅವುಗಳನ್ನು ದಾರಿ ತಪ್ಪದಂತೆ ಕಾಯಬಹುದು. ತಾಳ ಕೆಟ್ಟರೆ, ಕೋಟಿಗಟ್ಟಲೆ ವರ್ಷಗಳಲ್ಲಿ ಡಿಕ್ಕಿಯೂ ಆಗಬಹುದು.

ನಮ್ಮಲ್ಲಿ ಡಿಕ್ಕಿಗೆ ಅಷ್ಟು ವರ್ಷ ಬೇಕಾಗಲಿಲ್ಲ!

ಅಭ್ಯಾಸದಲ್ಲಿ ಅತ್ತೆ ಹತ್ತಿರ ಬಂದರೆ ಸಾಕು, ಲಕ್ಷ್ಮಿಯ ಕಾಲು ನಿಧಾನ. ಸೆರಗು ಸರಿಮಾಡಿಕೊಂಡು ಹಿಂದೆಯೇ ಬರುತ್ತಾಳೆ. ಕೋಲು ಕೊಡಲು ತಿರುಗಿದ ಗಿರಿಜಕ್ಕ ನೇರ ಸೊಸೆಗೇ ಗುದ್ದಿದರು.

"ಯಾಕ್ರೀ ನಿಂತ್ರಿ?" ಎಂದರು ಮೇಡಂ.

"ಅತ್ತೇನ ದಾಟಿ ಹೆಂಗೆ ಹೋಗ್ಲಿ ಮೇಡಂ? ಎಲ್ರೂ ನೋಡ್ತಾರಲ್ಲ!"

ಜಾಗ ಅದಲುಬದಲು ಮಾಡೋಣವೆಂದರೆ, ಒಳಗಿನವರು ಓಡಬೇಕು. ಗಿರಿಜಕ್ಕನ ಮಂಡಿ ಒಪ್ಪುವುದಿಲ್ಲ. ಮೇಡಂ ಸುಸ್ತಾದರು. "ಹಂಗಾದ್ರೆ ಹೊರಸುತ್ತಿಗೆ ನಮ್ಮ ಟೀಚರ್ ಒಬ್ರನ್ನ ಹಾಕ್ಲೇನ್ರೀ?"

ಗಿರಿಜಕ್ಕನ ಮುಖ ಸಣ್ಣದಾಯಿತು. ಈ ವಯಸ್ಸಿಗೆ ಮೊದಲ ಸಲ ಜನರ ಮುಂದೆ ಆಡುವ ಆಸೆ. ನೋಡಲು ಬಾ ಅಂತ ಬಿಳಿಚೋಡು ಊರಿನಲ್ಲಿರುವ ತಂಗಿಗೆ ಫೋನೂ ಮಾಡಿಯಾಗಿತ್ತು!

ಸೊಸೆಯತ್ತ ತಿರುಗಿದರು. "ಏ ಲಕ್ಷ್ಮೀ, ಮನೇಲಿ ನನ್ನ ಮಾತು ಮುಗಿಯೋಕೆ ಮುಂಚೆನೇ ದಾಟಿ ಹೋಗ್ತೀಯ. ಇಲ್ಲಿ ಹೋಗಾಕೆ ಏನು ದಾಡಿ ಐತೆ ನಿಂಗೆ? ನೀ ನಿಂತ್ರೆ ನನ್ನ ಆಟ ಹೋಗ್ತೈತೆ ಕಣೇ!"

ಲಕ್ಷ್ಮಿ ಕಿಸಕ್ಕನೆ ನಕ್ಕಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಮೇಳದ ದಿನ ಏನು ಓಟ ಅವಳದು! ಮೂರನೆಯ ಸುತ್ತು ಮುಗಿಯುವುದಕ್ಕೂ ಗಿರಿಜಕ್ಕ ಎರಡನೆಯದನ್ನು ಮುಗಿಸುವುದಕ್ಕೂ ಸರಿಹೋಯಿತು. ಟಕ್! ಮತ್ತೆ ಅದೇ ಜಾಗ, ಮತ್ತೆ ಟಕ್! ಮಕ್ಕಳ ಚಪ್ಪಾಳೆಯೂ ತಾಳಕ್ಕೆ ಬಂತು.

ಅಷ್ಟರಲ್ಲಿ ಬಿಳಿಚೋಡಿನ ತಂಗಿ ಕೂಗಿದರು, "ಏ ಅಕ್ಕಾ, ಸೊಸೆ ನಿನ್ನ ದಾಟಿ ಹೋದ್ಲಲ್ಲೇ!"

ಗಿರಿಜಕ್ಕ ಹೆಜ್ಜೆ ತಪ್ಪಿಸಲಿಲ್ಲ. "ಹೋಗ್ಲಿ ಬಿಡೇ. ಇಲ್ಲಿಗೇ ಬಂದು ಕೋಲು ಕೊಡ್ತಾಳೆ!"

ಇಷ್ಟಕ್ಕೂ, ಹಿಂದೆ ಬರುವವರು ದಾಟಿ ಹೋದರೆ ಮುಂದೆ ಇರುವವರ ಮರ್ಯಾದೆ ಹೋಗುತ್ತದೆ ಅಂತ ನಮಗೆ ಹೇಳಿಕೊಟ್ಟವರು ಯಾರು?