ಹಿಡಿಕೆ ಇದ್ದದ್ದು ಎಡಗಡೆ

ಹಿಡಿಕೆ ಎಡಗಡೆ ಇತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಬಲಗಡೆ ಇಟ್ಟೆ. ಆಮೇಲೆ, ಎಡಗಡೆಯೇ ಇತ್ತು ಎಂದು ನಲವತ್ತು ವರ್ಷ ಹೇಳುತ್ತ ಬಂದಿದ್ದ ಮನುಷ್ಯನಿಗೆ — ನಿಮ್ಮ ನೆನಪೇ ತಪ್ಪು ಎಂದೆ. ಅವರು ನನ್ನ ಮಾತು ನಂಬಿದರು. ನಂಬಿಕೊಂಡೇ ತೀರಿಹೋದರು.

ಇದನ್ನು ಬರೆಯುವಾಗ ನನಗೆ ಅಳು ಬರುತ್ತಿಲ್ಲ. ಬರಬೇಕು ಎಂದು ಕಾದು ನೋಡಿದ್ದೇನೆ. ಅವರ ಮಣ್ಣಿಗೆ ಹೋದ ದಿನವೂ ಬರಲಿಲ್ಲ. ಮರಗಟ್ಟಿದ ಕಾಲನ್ನು ಮುಟ್ಟಿ ನೋಡಿಕೊಂಡ ಹಾಗೆ ಆಗಾಗ ಮನಸ್ಸನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಅಲ್ಲಿ ಏನೂ ತಿಳಿಯುವುದಿಲ್ಲ.

ಬೀದರಿನ ನೌಬಾದಿನಲ್ಲಿ ನನ್ನದೊಂದು ಅಂಗಡಿ ಇದೆ. ಮನೆ ಕಟ್ಟಿಸುವವರಿಗೆ ಕಂಪ್ಯೂಟರಿನಲ್ಲಿ ನಕ್ಷೆ ತೆಗೆದುಕೊಡುತ್ತೇನೆ. ಈ ಕೆಲಸದಲ್ಲಿ ಒಂದು ರೂಢಿ ಇದೆ, ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವಂಥದು — ಒಂದೇ ಮನೆಗೆ ಎರಡು ನಕ್ಷೆ. ಮಂಜೂರಿಗೆ ಕೊಡುವುದು ಒಂದು, ಮೇಸ್ತ್ರಿಯ ಕೈಗೆ ಕೊಡುವುದು ಇನ್ನೊಂದು. ಮಂಜೂರಿಯ ನಕ್ಷೆಯಲ್ಲಿ ಸುತ್ತ ಜಾಗ ಬಿಟ್ಟಿರುತ್ತೇವೆ, ಮೇಸ್ತ್ರಿಯ ನಕ್ಷೆಯಲ್ಲಿ ಗೋಡೆ ಅಂಚಿನ ತನಕ ಹೋಗಿರುತ್ತದೆ. ಹದಿನೆಂಟು ವರ್ಷ ಹೀಗೆ ಮಾಡಿ ಮಾಡಿ, ಎರಡು ನಕ್ಷೆ ಇರುವುದು ಸುಳ್ಳು ಎಂದು ಅನಿಸುವುದೇ ನಿಂತುಹೋಗಿತ್ತು.

ಇನ್ನು ವಿಮಾನದ ಹುಚ್ಚು. ನಮ್ಮೂರಿನಲ್ಲಿ ತರಬೇತಿಯ ವಿಮಾನಗಳು ದಿನಾ ತಲೆಯ ಮೇಲೆ ಹೋಗುತ್ತವೆ. ಯಾರೂ ತಲೆ ಎತ್ತುವುದಿಲ್ಲ, ನಾನೊಬ್ಬ ಎತ್ತುತ್ತಿದ್ದೆ. ದೊಡ್ಡವನಾದ ಮೇಲೆ ಫ್ಲೈಟ್ ಸಿಮ್ಯುಲೇಟರ್ ಹಿಡಿದೆ — ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸುವ ಆಟ. ಆಟ ಎಂದರೆ ಅದನ್ನು ಆಡುವವರಿಗೆ ಸಿಟ್ಟು ಬರುತ್ತದೆ. ಅದರಲ್ಲಿ ಹಾರಿಸಲು ಹಳೆಯ ವಿಮಾನಗಳನ್ನು ಬೋಲ್ಟು ಬೋಲ್ಟಿನ ಸಮೇತ ತಯಾರಿಸುವವರ ಗುಂಪೊಂದಿದೆ. ದೇಶ ದೇಶದ ಜನ. ಮುಖ ಯಾರದೂ ಗೊತ್ತಿಲ್ಲ. ಆ ಗುಂಪಿನ ಸಂಗ್ರಹದಲ್ಲಿ ನನ್ನದೂ ಒಂದು ವಿಮಾನ ಸೇರಬೇಕು ಎಂಬ ಆಸೆ ನನಗೆ. ಯಾರೂ ಮುಟ್ಟದ ಒಂದನ್ನು ಆರಿಸಿಕೊಂಡೆ: ಗುರಿ ಎಳೆಯುವ ಹಳೆಯ ಜೆಟ್. ಯುದ್ಧ ಮಾಡುವುದಲ್ಲ ಅದರ ಕೆಲಸ. ಉದ್ದದ ತಂತಿಗೆ ಬಟ್ಟೆಯ ದೊಡ್ಡ ಚೀಲ ಕಟ್ಟಿ ಆಕಾಶದಲ್ಲಿ ಎಳೆದುಕೊಂಡು ಹೋಗುವುದು. ಕೆಳಗಿನವರು ಆ ಚೀಲಕ್ಕೆ ಗುಂಡು ಹೊಡೆದು ಗುರಿ ಕಲಿಯುವುದು. ಹಿಂದಿನ ಸೀಟಿನಲ್ಲಿ ಒಬ್ಬ ಕೂತು ತಂತಿ ಬಿಡುತ್ತಾನೆ, ಸುತ್ತುತ್ತಾನೆ, ಬೇಕಾದಾಗ ಹಿಡಿಕೆ ಎಳೆದು ತಂತಿ ಕತ್ತರಿಸುತ್ತಾನೆ.

ಘಾಳೆಪ್ಪ ಕಾಕಾ ಔರಾದದಿಂದ ಬಸ್ಸಿನಲ್ಲಿ ಬಂದದ್ದು ಮನೆಯ ಮೇಲೆ ಎರಡು ಕೋಣೆ ಏರಿಸುವ ನಕ್ಷೆಗೆ. ನನ್ನ ಪರದೆಯ ಮೇಲೆ ಆ ಜೆಟ್ ಇತ್ತು. ಅವರು ಕೈಚೀಲ ಕೆಳಗಿಟ್ಟು ಹತ್ತಿರ ಬಂದು ನಿಂತರು. ಕಣ್ಣಿಗೆ ಪೊರೆ ಬಂದಿತ್ತು, ಮೂಗು ಪರದೆಗೆ ತಾಗುವಷ್ಟು ಬಗ್ಗಿದರು.

"ಇದು ನಿನ್ನ ಕಡಿ ಹ್ಯಾಂಗ ಬಂತೋ ಮೆಹಬೂಬ್? ಇದರ ಹಿಂದಿನ ಸೀಟಿನಾಗ ನಾ ಏಳು ವರ್ಷ ಕುಂತೀನಿ."

ಕೋಣೆಗಳ ನಕ್ಷೆ ಮರೆತುಹೋಯಿತು. ಆಮೇಲೆ ಒಂದು ವರ್ಷ, ಹದಿನೈದು ದಿನಕ್ಕೊಮ್ಮೆ ಅವರು ಬರುತ್ತಿದ್ದರು, ನಾನು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದೆ. ತಂತಿಯ ಗಾಲಿಯಿದ್ದ ಕಬ್ಬಿಣದ ಪೆಟ್ಟಿಗೆ ಬಲಮೊಣಕಾಲಿಗೆ ಒತ್ತುತ್ತಿತ್ತಂತೆ. ಅದರ ಮುಚ್ಚಳ ಗಡಗಡ ಅನ್ನಬಾರದೆಂದು ಕರವಸ್ತ್ರ ಮಡಚಿ ಸಿಕ್ಕಿಸುತ್ತಿದ್ದರಂತೆ. ಒಬ್ಬೊಬ್ಬರ ಗುಂಡಿನ ತುದಿಗೂ ಒಂದೊಂದು ಬಣ್ಣ ಹಚ್ಚಿರುತ್ತಿದ್ದರು — ನಮ್ಮ ಕಡೆ ಕುರಿಗೆ ಬಣ್ಣ ಬಡಿದು ಗುರುತು ಮಾಡುವ ಹಾಗೆ. ಚೀಲ ಕೆಳಗೆ ಬಿದ್ದ ಮೇಲೆ ನೆಲದ ಮೇಲೆ ಹಾಸಿ, ತೂತಿನ ಅಂಚಿಗೆ ಹತ್ತಿದ ಬಣ್ಣ ನೋಡಿ ಯಾರ ಗುಂಡು ಎಷ್ಟು ತಾಗಿತು ಎಂದು ಎಣಿಸಬೇಕು. ಕಾಕಾ ಕೂಗುತ್ತಿದ್ದರು, ವೈಜಿನಾಥ ಬರೆದುಕೊಳ್ಳುತ್ತಿದ್ದ. ವೈಜಿನಾಥ ಅವರ ಗೆಳೆಯ, ಭಾಲ್ಕಿ ತಾಲೂಕಿನ ಸಾಯಗಾಂವದವನು; ನೆಲದ ಮೇಲಿನ ಮೆಕ್ಯಾನಿಕ್, ಆ ಹಿಂದಿನ ಸೀಟಿನಲ್ಲಿ ಎಂದೂ ಕೂತವನಲ್ಲ. ಇಬ್ಬರೂ ಒಂದೇ ದಿನ ವಾಯುಸೇನೆಗೆ ಭರ್ತಿಯಾದವರು.

ಒಂದು ದಿನ ಗಾಳಿಯಲ್ಲಿ ಚೀಲ ಹರಿದು ತಂತಿ ಅದನ್ನು ಸುತ್ತುವ ಗಾಲಿಗೆ ಸಿಕ್ಕಿಕೊಂಡಿತು. ವಿಮಾನ ಇಳಿಯುವುದರೊಳಗೆ ತಂತಿ ಕತ್ತರಿಸು ಎಂದ ಪೈಲಟ್. ಕಾಕಾ ಎಡಗೈಯಿಂದ ಹಿಡಿಕೆ ಎಳೆದರು. ಮೊದಲ ಸಲ ಅದು ಕಚ್ಚಿಕೊಂಡು ನಿಂತಿತು. ಎರಡನೆಯ ಸಲ ಎಳೆದಾಗ ತಂತಿ ತುಂಡಾಯಿತು, ಆದರೆ ವಿಮಾನ ಆಗಲೇ ಕೆಳಗೆ ಬಂದಿತ್ತು. ಚೀಲ ಹೆಕ್ಕಲು ನಿಂತಿದ್ದ ವೈಜಿನಾಥನ ಕಾಲಿಗೆ ತಂತಿಯ ತುದಿ ಬಡಿಯಿತು. ಮೊಣಕಾಲ ಕೆಳಗೆ ತೆಗೆಯಬೇಕಾಯಿತು.

ವಿಚಾರಣೆಯಲ್ಲಿ ಕಾಕಾ ನಡೆದದ್ದನ್ನೇ ಹೇಳಿದರು. ಆದರೆ ವಿಮಾನದ ಪುಸ್ತಕದಲ್ಲಿ ಕತ್ತರಿಸುವ ಹಿಡಿಕೆ ಬಲಗಡೆ. ಎಡಗಡೆಯದು ತಂತಿ ಸುತ್ತುವ ಗಾಲಿಯ ಬ್ರೇಕು. ಕಾಕಾ ಕೂರುತ್ತಿದ್ದ ವಿಮಾನದಲ್ಲಿ ದೊಡ್ಡ ಪೆಟ್ಟಿಗೆ ಕೂಡಿಸುವಾಗ ಹಿಡಿಕೆಯನ್ನು ಎಡಕ್ಕೆ ಸರಿಸಿದ್ದರು, ಪುಸ್ತಕದಲ್ಲಿ ಬರೆದಿಡಲಿಲ್ಲ; ವಿಚಾರಣೆಯವರು ಪುಸ್ತಕವನ್ನಷ್ಟೇ ನೋಡಿದರು. ಘಾಳೆಪ್ಪ ಗಾಬರಿಯಲ್ಲಿ ಮೊದಲು ಬ್ರೇಕು ಎಳೆದ, ಆಮೇಲೆ ಹಿಡಿಕೆ ಎಳೆದ, ಅಷ್ಟರಲ್ಲಿ ತಡವಾಯಿತು ಎಂದು ತೀರ್ಮಾನವಾಯಿತು. ಶಿಕ್ಷೆ ಏನೂ ಆಗಲಿಲ್ಲ. ವೈಜಿನಾಥ ಕಾಕಾನ ಜೊತೆ ಮಾತು ಬಿಟ್ಟ, ಅಷ್ಟೇ. ಔರಾದಕ್ಕೂ ಸಾಯಗಾಂವಕ್ಕೂ ನಡುವೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಇಲ್ಲ. ನಲವತ್ತು ವರ್ಷ ಇಬ್ಬರೂ ಮುಖ ನೋಡಲಿಲ್ಲ.

"ಇದೊಂದು ಖರೆ ತೆಗಿ ಮೆಹಬೂಬ್," ಎಂದರು ಕಾಕಾ. "ಬ್ಯಾರೆ ಏನರ ತಪ್ಪಾಗ್ಲಿ. ವೈಜಿನಾಥ ಒಮ್ಮಿ ಕಣ್ಣಿಲೆ ನೋಡ್ಲಿ, ಹ್ಯಾಂಡಲ್ ಎಲ್ಲಿತ್ತು ಅಂತ."

ನಾನು ಅವರನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಿಸಿ, ಪರೀಕ್ಷೆಗೆಂದು, ಏನೂ ಮುನ್ಸೂಚನೆ ಕೊಡದೆ "ಕಟ್" ಎಂದೆ. ಮಾತು ಮುಗಿಯುವ ಮುಂಚೆ ಅವರ ಎಡಗೈ ತೊಡೆಯ ಪಕ್ಕ ಇಳಿದು, ಬೆರಳು ಮಡಚಿ, ಮೇಲಕ್ಕೆ ಜಗ್ಗಿತು. ಯೋಚಿಸಲು ಅವರಿಗೆ ಸಮಯವೇ ಇರಲಿಲ್ಲ. ಅಷ್ಟೇ ಅಲ್ಲ — ಅಳತೆ ಹಾಕಿದಾಗ, ಪುಸ್ತಕ ಹೇಳುವ ಜಾಗದಲ್ಲಿ ಹಿಡಿಕೆ ಇಟ್ಟರೆ ಅದು ಪೆಟ್ಟಿಗೆಗೆ ಬಡಿಯುತ್ತಿತ್ತು, ಎಳೆಯಲು ಬರುತ್ತಿರಲಿಲ್ಲ. ನಕ್ಷೆಯವನು ನಾನು. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ.

ಹಿಡಿಕೆಯನ್ನು ಎಡಕ್ಕಿಟ್ಟು ಗುಂಪಿಗೆ ಕಳಿಸಿದೆ. ಪರಿಶೀಲಿಸುವವರು ಉತ್ತರ ಬರೆದರು: ಪುಸ್ತಕದಲ್ಲಿ ಬಲಗಡೆ ಇದೆ, ಒಬ್ಬ ಮುದುಕನ ನೆನಪು ಆಧಾರವಾಗುವುದಿಲ್ಲ, ಸಂಗ್ರಹಕ್ಕೆ ಸೇರಬೇಕಾದರೆ ತಿದ್ದಿ. ನಾನು ವಾದ ಮಾಡಬಹುದಿತ್ತು. ಸೇರಿಸಬೇಡಿ ಎಂದು ಬಿಟ್ಟುಬಿಡಬಹುದಿತ್ತು. ಎರಡು ವರ್ಷದ ಕೆಲಸ — ನನ್ನ ಹೆಸರು — ಇಲ್ಲ, ಅದೆಲ್ಲ ಈಗ ಬೇಡ. ಹಿಡಿಕೆಯನ್ನು ಬಲಕ್ಕೆ ತಂದೆ. ಬಡಿಯಬಾರದೆಂದು ಪೆಟ್ಟಿಗೆಯನ್ನು ನಾಲ್ಕು ಬೆರಳು ಸಣ್ಣದು ಮಾಡಿದೆ. ಕಾಕಾನ ಸಲುವಾಗಿ ಎಡಗಡೆಯದನ್ನು ಬೇರೆ ಫೈಲಿನಲ್ಲಿ ಇಟ್ಟುಕೊಂಡೆ. ಮಂಜೂರಿಗೊಂದು, ಮೇಸ್ತ್ರಿಗೊಂದು.

ಕಾಕಾ ಬಂದಾಗ, ವಿಮಾನ ಸಂಗ್ರಹಕ್ಕೆ ಸೇರಿತು ಎಂದು ಹೇಳಿ, ಅವರ ಫೈಲು ತೆರೆದು ತೋರಿಸಿದೆ. ಅವರು ಪರದೆಯ ಮೇಲೆ ಎಡಗಡೆಯ ಹಿಡಿಕೆಯನ್ನು ಬೆರಳಿನಿಂದ ಮುಟ್ಟಿದರು. ಏಳುವಾಗ ನನ್ನ ತಲೆಯ ಮೇಲೆ ಕೈ ಇಟ್ಟು ಹೋದರು. ನಾಚಿಕೆಯಾಗಬೇಕಿತ್ತು ನನಗೆ. ಹೇಳಿಬಿಡುತ್ತೇನೆ — ಆ ದಿನ ನನಗೆ ಸಂತೋಷವೇ ಆಗಿತ್ತು.

ಅವರು ಸುಮ್ಮನಿರುತ್ತಾರೆ ಎಂದುಕೊಂಡಿದ್ದೆ. ಅವರು ಸಾಯಗಾಂವಕ್ಕೆ ಫೋನ್ ಮಾಡಿಸಿದರು, ನಲವತ್ತು ವರ್ಷದ ಮೇಲೆ ಮೊದಲ ಸಲ. ಜಗತ್ತೆಲ್ಲ ನೋಡೋ ಹಂಗ ಆಗ್ಯದ, ನೀನೂ ನೋಡು ಎಂದರಂತೆ. ವೈಜಿನಾಥನ ಸೊಸೆ ಭಾಲ್ಕಿಯಲ್ಲಿ ಕಂಪ್ಯೂಟರ್ ಕಲಿಸುವವಳು. ಗುಂಪಿನವರು ಹಾಕಿದ ವಿಡಿಯೋವನ್ನು ಮೊಬೈಲಿನಲ್ಲಿ ತೆಗೆದು ಮಾವನಿಗೆ ತೋರಿಸಿದಳು. ಅದರಲ್ಲಿ ಹಿಡಿಕೆ ಬಲಗಡೆ. ವೈಜಿನಾಥ ಫೋನಿನಲ್ಲಿ ಅದನ್ನಷ್ಟೇ ಹೇಳಿ ಇಟ್ಟುಬಿಟ್ಟನಂತೆ.

ಮರುದಿನ ಮಧ್ಯಾಹ್ನ ಕಾಕಾ ನನ್ನ ಅಂಗಡಿಯಲ್ಲಿದ್ದರು. ಕೂಡ್ರಿ ಎಂದರೂ ಕೂರಲಿಲ್ಲ.

"ನೀ ನನಗ ತೋರಿಸಿದಾಗ ಎಲ್ಲಿತ್ತು, ಹೇಳು."

ನಿಜ ಹೇಳಲು ಒಂದು ಶಬ್ದ ಸಾಕಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನ ಬಾಯಿಂದ ಬಂದದ್ದು ಇದು:

"ಅವಾಗೂ ಬಲಕ್ಕೇ ಇತ್ತಲ್ರಿ ಕಾಕಾ. ಕಣ್ಣು ಮಂಜಾಗ್ಯಾವ ನಿಮ್ದು. ನೆನಪು ತಪ್ಪಿರಬೇಕ್ರಿ."

ಅವರು ಸಿಟ್ಟಾಗಲಿಲ್ಲ. ತಮ್ಮ ಎಡಗೈ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಆ ಕೈ ಯಾರದೋ ಎನ್ನುವಂತೆ ನೋಡಿದರು.

"ಹಂಗಾದ್ರ ನಾನೇ ತಪ್ಪು ಜಗ್ಗೀನಿ," ಎಂದರು. "ನನ್ನ ಮಾತು ನಂಬಲಿಲ್ಲ ಅಂತ ಇಷ್ಟು ವರ್ಷ ಅವನಿಗೇ ಬೈಕೋತ ಬಂದೆ."

ನಾನು ಕಂಪ್ಯೂಟರಿನ ಕಡೆ ನೋಡುತ್ತಿದ್ದೆ. ಅವರು ಕೈಚೀಲ ತೆಗೆದುಕೊಂಡು ಹೋದರು. ಆ ವಾರವೇ ಸಾಯಗಾಂವಕ್ಕೆ ಹೋಗಿ ಕ್ಷಮೆ ಕೇಳಿದರಂತೆ. ಎರಡು ತಿಂಗಳಿಗೆ ಔರಾದದಲ್ಲಿ ತೀರಿಕೊಂಡರು. ಮಣ್ಣಿಗೆ ಹೋದಾಗ ವೈಜಿನಾಥ ಕಂಕುಳಲ್ಲಿ ಕೋಲು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದ. ನಾನು ಹಿಂದೆ ನಿಂತು, ಮೂರು ಹಿಡಿ ಮಣ್ಣು ಹಾಕಿ, ಮೂರು ಗಂಟೆಯ ಬಸ್ಸು ಹಿಡಿದು ಅಂಗಡಿಗೆ ಬಂದು ಒಂದು ನಕ್ಷೆ ಮುಗಿಸಿದೆ.

ಇಷ್ಟಾಗಿ ನಾಲ್ಕು ವರ್ಷ. ಹೋದ ತಿಂಗಳು ಹಿಡಿಕೆಯನ್ನು ಎಡಕ್ಕೆ ತಂದೆ, ಪೆಟ್ಟಿಗೆಯನ್ನು ಮೊದಲಿನ ಅಳತೆಗೆ ತಂದೆ, ಕಾರಣ ಬರೆದು ಗುಂಪಿಗೆ ಕಳಿಸಿದೆ. ಅವರು ನನ್ನ ವಿಮಾನವನ್ನು ಸಂಗ್ರಹದಿಂದ ತೆಗೆದುಹಾಕಿದರು. ಏನೂ ಅನಿಸಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ಚೀಲದಲ್ಲಿ ಹಾಕಿಕೊಂಡು ಭಾಲ್ಕಿಗೆ, ಅಲ್ಲಿಂದ ಸಾಯಗಾಂವಕ್ಕೆ ಹೋದೆ.

ವೈಜಿನಾಥ ಕಾಕಾ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ನಾನು ಯಾರು ಎಂಬುದರಿಂದ ಶುರುಮಾಡಿ ಎಲ್ಲ ಹೇಳಿದೆ, ಎರಡು ಫೈಲು, ಪೆಟ್ಟಿಗೆ, ಆ ಮಧ್ಯಾಹ್ನದ ಮಾತು. ಮುಗಿದ ಮೇಲೆ, ತೋರಸು ಎಂದರು. ತೋರಿಸಿದೆ. ಹಿಡಿಕೆಯನ್ನು ನೋಡಿದರು, ಬಲಗಡೆಯ ಪೆಟ್ಟಿಗೆಯನ್ನು ನೋಡಿದರು. ಮೆಕ್ಯಾನಿಕ್ ಆಗಿದ್ದವರು, ಬಲಗಡೆ ಹಿಡಿಕೆ ಕೂರುವುದಿಲ್ಲ ಎಂದು ನೋಡಿದ ಕೂಡಲೇ ತಿಳಿಯಿತು.

"ನನಗಿರೋದು ಒಂದೇ ಕಾಲು," ಎಂದರು. "ಅದನ್ನ ಹಿಡಕೊಂಡು ಅತ್ತಾನ ಅಂವ, ಇಲ್ಲೇ. ನಾ ದೊಡ್ಡ ಮನಸ್ಸು ಮಾಡಿ ಮಾಫ್ ಮಾಡೀನಿ ಏಳು ಅಂದೆ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಯಾವುದಕ್ಕ ಮಾಫ್ ಮಾಡ್ದೆ ನಾ?"

ಸೊಸೆ ತಂದಿಟ್ಟ ಚಹಾವನ್ನು ಇಬ್ಬರೂ ಮುಟ್ಟಲಿಲ್ಲ. ನಾನು ಅವರ ಹತ್ತಿರ ಕ್ಷಮೆ ಕೇಳಲು ಹೋದವನು, ದಾರಿಯುದ್ದಕ್ಕೂ ಆ ಮಾತು ಹೊಂದಿಸಿಕೊಂಡು ಹೋದವನು. ಕೇಳಲಿಲ್ಲ. ಆ ಮಾತನ್ನು ಅದೇ ಜಾಗದಲ್ಲಿ ಕೂತು, ಏನೂ ತಪ್ಪು ಮಾಡದವನೊಬ್ಬ ಆಗಲೇ ಕೇಳಿ ಹೋಗಿದ್ದ. ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಬಸ್ಸಿನ ಕಡೆ ನಡೆದೆ.